ಗಾಳಿ ಕೈಬಿಡುವ ಎತ್ತರ

ಸ್ಪೇನಿಗೆ ಹೋಗಿಬಂದೆ ಎಂದರೆ ಪುಣೆಯಲ್ಲಿ ಎಲ್ಲರೂ ಕೇಳುವುದು ಎರಡೇ ಮಾತು: ಗೂಳಿ ಕಾಳಗ ನೋಡಿದಿರಾ, ಸಮುದ್ರ ನೋಡಿದಿರಾ? ನಾನು ಎರಡನ್ನೂ ನೋಡಲಿಲ್ಲ. ನಾನು ನೋಡಿದ್ದು ಒಣ ಬಯಲಿನ ನಡುವಿನ ಒಂದು ಸಣ್ಣ ಊರು, ಆ ಊರಿನ ಚೌಕ, ಚೌಕದ ಬೆಂಚುಗಳ ಮೇಲೆ ಕೂತ ಮುದುಕರು. ಉಳಿದಂತೆ ಆಕಾಶ. ಜೀವಮಾನದಲ್ಲಿ ನಾನು ಅಷ್ಟು ಹೊತ್ತು ಆಕಾಶ ನೋಡಿದ್ದು ಅದೇ ಮೊದಲು.

ಹೋದದ್ದು ಮಗಳು ಮುಕ್ತಾಳನ್ನು ನೋಡಲು. ನಮ್ಮ ಸೊಸೈಟಿಯ ಮಕ್ಕಳೆಲ್ಲ ಬೆಳಗಾದರೆ ಹಿಂಜವಾಡಿಯ ಐಟಿ ಕಂಪನಿಗಳ ಕ್ಯಾಬ್ ಹತ್ತುವವರು. ಅವರ ಕೆಲಸ ಏನೆಂದು ಅವರ ತಾಯಂದಿರಿಗೂ ಪೂರ್ತಿ ಗೊತ್ತಿಲ್ಲ, ನನಗೂ ನನ್ನ ಮಗಳದು ಗೊತ್ತಿರಲಿಲ್ಲ. ಕೇಳಿದವರಿಗೆ ‘ವಿಮಾನ ಮಾಡೋ ಕಂಪನಿಯೊಳಗ ಇಂಜಿನಿಯರ್’ ಎನ್ನುತ್ತಿದ್ದೆ. ಪಕ್ಕದ ಮನೆಯ ಕುಲಕರ್ಣಿ ಬಾಯಿ, ‘ಹಂಗಾದ್ರ ಟಿಕೀಟು ಸಸ್ತಾ ಸಿಗ್ತಾವೇನ್ರಿ?’ ಎಂದು ಎರಡು ಸಲ ಕೇಳಿದ್ದರು. ಉತ್ತರ ಯುರೋಪಿನ ಆ ಕಂಪನಿ ಹೊಸದೊಂದು ಸಣ್ಣ ಪ್ರಯಾಣಿಕ ಜೆಟ್ ತಯಾರಿಸಿ, ಅದರ ಮೊದಲನೆಯ ಮಾದರಿಯನ್ನು ಪರೀಕ್ಷೆಗೆಂದು ಸ್ಪೇನಿನ ಬಯಲಿಗೆ ತಂದಿತ್ತು. ಅಲ್ಲೇ ಯಾಕೆ ಎಂದು ಕೇಳಿದಾಗ ಮುಕ್ತಾ, ‘ಮೋಡ ಕಡಿಮಿ, ಜನಾನೂ ಕಡಿಮಿ ಅಮ್ಮ’ ಎಂದಿದ್ದಳು. ಮೋಡದ ವಿಷಯ ಅರ್ಥವಾಯಿತು. ಜನ ಯಾಕೆ ಕಡಿಮೆ ಇರಬೇಕು ಎಂದು ಆಗ ನಾನು ಕೇಳಲಿಲ್ಲ.

ಬಸ್ಸಿನ ದಾರಿ

ಮ್ಯಾಡ್ರಿಡ್ಡಿನ ಕಸ್ಟಮ್ಸಿನಲ್ಲಿ ನನ್ನನ್ನು ತಡೆದದ್ದು ಶೇಂಗಾ ಹಿಂಡಿ, ನಮ್ಮ ಖಾರದ ಚಟ್ನಿಪುಡಿ. ಅಧಿಕಾರಿ ಪೊಟ್ಟಣ ಬಿಚ್ಚಿ ಮೂಸಿ, ಮೂರು ಸಲ ಸೀನಿ, ಸಹೋದ್ಯೋಗಿಯನ್ನು ಕರೆದ. ಆಕೆಯೂ ಮೂಸಿ ಸೀನಿದಳು. ನಾನು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು, ನುಂಗಿ, ಬದುಕಿರುವುದನ್ನು ತೋರಿಸಿದೆ. ಇಬ್ಬರೂ ನಕ್ಕು ಚೀಲ ಮುಚ್ಚಿಕೊಟ್ಟರು.

ಅಲ್ಲಿಂದ ಮುಂದೆ ಬಸ್ಸು. ಮಣ್ಣಿನ ಬಣ್ಣ, ದೂರದ ಬೋಳು ಗುಡ್ಡ, ಬಿಸಿಲಿಗೆ ನಡುಗುವ ರಸ್ತೆ ನೋಡಿದರೆ ಸೊಲ್ಲಾಪುರದ ಗಾಡಿಯಲ್ಲಿ ಕೂತಂತೆಯೇ ಇತ್ತು. ನಮ್ಮವರು ರೈಲ್ವೆಯಲ್ಲಿ ಇಂಜಿನ್ ಡ್ರೈವರ್ ಆಗಿದ್ದರು. ನಾವು ಬಹಳ ವರ್ಷ ಪುಣೆಯ ಆಚೆಯ ರೈಲ್ವೆ ಜಂಕ್ಷನ್ ದೌಂಡದಲ್ಲೇ ಇದ್ದವರು. ಅಲ್ಲಿಯ ಶಾಲೆಯಲ್ಲಿ ನಾನು ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದೆ. ದೌಂಡದ ಸುತ್ತ ಕಬ್ಬು, ಇಲ್ಲಿ ಆಲಿವ್ ಗಿಡಗಳು. ಸಾಲು ಹಿಡಿದು ನೆಟ್ಟದ್ದು, ದಿಗಂತದವರೆಗೆ. ನೀರು ಕಾಣಿಸದು, ಮನುಷ್ಯರೂ ಕಾಣಿಸರು. ಇಷ್ಟು ಹೊಲವನ್ನು ಯಾರು ಮಾಡುತ್ತಾರೆ ಎಂದು ಯೋಚಿಸುತ್ತಿರುವಾಗಲೇ ಬಸ್ಸು ನಿಂತಿತು. ಕೆಳಗೆ ಮುಕ್ತಾ ನಿಂತಿದ್ದಳು. ಬಿಸಿಲಿಗೆ ಕಪ್ಪಾಗಿದ್ದಳು, ಕೂದಲು ಕತ್ತರಿಸಿಕೊಂಡಿದ್ದಳು.

‘ಇದೇನ ಕೂದಲಾ?’ ಎಂದೆ. ಎರಡು ವರ್ಷದ ಮೇಲೆ ಮಗಳಿಗೆ ಆಡಿದ ಮೊದಲ ಮಾತು ಅದು.

‘ಹೆಲ್ಮೆಟ್ಟಿನ್ಯಾಗ ಕೂಡೂದಿಲ್ಲಮ್ಮ’ ಎಂದು ಚೀಲ ಎತ್ತಿಕೊಂಡಳು.

ಬೈಕೇನಾದರೂ ತೊಗೊಂಡಿದ್ದಾಳೇನೋ ಎಂದುಕೊಂಡೆ.

ಪಿಲಾರ್‌ಳ ಮನೆ

ಮುಕ್ತಾ ಇದ್ದದ್ದು ಪಿಲಾರ್ ಎಂಬ ಎಪ್ಪತ್ತು ದಾಟಿದ ಹೆಂಗಸಿನ ಮನೆಯ ಮೇಲಂತಸ್ತಿನಲ್ಲಿ. ನಾನು ಕೈ ಜೋಡಿಸಿದೆ. ಆಕೆ ಜೋಡಿಸಿದ ಕೈಯನ್ನೇ ಹಿಡಿದೆಳೆದು ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ನಮ್ಮಿಬ್ಬರ ಕನ್ನಡಕಗಳು ಟಕ್ಕೆಂದು ತಾಗಿದವು. ಆಮೇಲಿನ ದಿನಗಳಲ್ಲಿ ನಾವಿಬ್ಬರೂ ಭೇಟಿಯಾಗುವ ಮೊದಲು ಕನ್ನಡಕ ತೆಗೆಯುವ ಪದ್ಧತಿ ಮಾಡಿಕೊಂಡೆವು.

ಮಾಂಸ ಬೇಡವೆಂದು ಮುಕ್ತಾ ತಿಳಿಸಿ ಹೇಳಿದ್ದಳು. ಪಿಲಾರ್ ಬಹಳ ಪ್ರೀತಿಯಿಂದ ಬೇಳೆಯ ಸಾರು ತಂದಿಟ್ಟಳು. ಅದರ ಮೇಲೆ ಹಂದಿಯ ತುಣುಕುಗಳು ತೇಲುತ್ತಿದ್ದವು. ‘ಅದು ಮಾಂಸ ಅಲ್ಲ, ರುಚಿಗೆ’ ಎಂದು ವಾದಿಸಿದಳು. ಮರುದಿನ ಮೀನು ಬಂತು. ಅದೂ ಮಾಂಸವಲ್ಲವಂತೆ. ಮೂರನೆಯ ದಿನ ನಾನೇ ಅಡುಗೆಮನೆಗೆ ನುಗ್ಗಿ ಬದನೆಕಾಯಿಗೆ ಹಿಂಡಿ ತುಂಬಿ ಎಣ್ಣೆಗಾಯಿ ಮಾಡಿದೆ. ಪಿಲಾರ್ ಕಣ್ಣೀರು ಸುರಿಸುತ್ತ ಎರಡು ಸಲ ಹಾಕಿಸಿಕೊಂಡಳು. ಭಾಷೆ ಇಲ್ಲದಿದ್ದರೂ ಆಮೇಲೆ ನಮಗೆ ತೊಂದರೆ ಆಗಲಿಲ್ಲ. ತೀರಾ ಬೇಕಾದರೆ ಆಕೆಯ ಫೋನು ಅನುವಾದ ಮಾಡಿ ಇಂಗ್ಲಿಷಿನಲ್ಲಿ ಹೇಳುತ್ತಿತ್ತು.

ಊಟವಾದ ಮೇಲೆ ಆ ಊರು ಸಾಯುತ್ತದೆ. ಅಂಗಡಿಗಳ ಶಟರ್ ಎಳೆದು, ಕಿಟಕಿ ಮುಚ್ಚಿ, ನಾಯಿ ಸಮೇತ ಎಲ್ಲರೂ ಮಲಗುತ್ತಾರೆ. ಹೊರಗಿನವರು ಇದಕ್ಕೆ ಆಶ್ಚರ್ಯಪಡುತ್ತಾರಂತೆ. ಒಂದರಿಂದ ನಾಲ್ಕರವರೆಗೆ ಅಂಗಡಿ ಮುಚ್ಚಿ, ಗಿರಾಕಿ ಬಾಗಿಲು ಬಡಿದರೆ ಸಿಟ್ಟು ಮಾಡುವ ಪುಣೆಯಿಂದ ಹೋದವಳಿಗೆ ಅದರಲ್ಲೇನು ಆಶ್ಚರ್ಯ!

ಊರಿನವರ ಇನ್ನೊಂದು ಅಭ್ಯಾಸ ಮಾತ್ರ ಹೊಸದಾಗಿತ್ತು. ಬೆಳಿಗ್ಗೆ ಚೌಕದ ಮುದುಕರು ಒಮ್ಮೆಲೆ ಮಾತು ನಿಲ್ಲಿಸಿ ಮೇಲೆ ನೋಡುತ್ತಿದ್ದರು. ಊರಾಚೆಯ ಏರೋಡ್ರೋಮಿನಿಂದ ಒಂದು ದೊಡ್ಡ ಬಿಳಿ ವಿಮಾನ, ಅದರ ಹಿಂದೆಯೇ ಒಂದು ಸಣ್ಣದು ಏರುತ್ತಿದ್ದವು. ದೊಡ್ಡದು ಮುಕ್ತಾಳದು, ಸಣ್ಣದು ದೂರದಿಂದ ಅದನ್ನು ನೋಡಿಕೊಳ್ಳುವಂಥದು. ಕಾಫಿಯ ಹೊತ್ತಿಗೆ ಎರಡೂ ಮರಳುತ್ತಿದ್ದವು. ಆಗ ಪಿಲಾರ್ ‘ಲೋಸ್ ದೋಸ್’ ಎನ್ನುತ್ತಿದ್ದಳು. ‘ಎರಡೂ’ ಎಂದು ಅರ್ಥ. ಅದನ್ನು ಹೇಳಿ ಆಕೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುವುದನ್ನು ನಾನು ಗಮನಿಸಿದೆ. ಮುಪ್ಪಿನ ಭಕ್ತಿ ಎಂದುಕೊಂಡೆ.

ಏರೋಡ್ರೋಮು

ಒಂದು ಶನಿವಾರ ಸಿಬ್ಬಂದಿಯ ಮನೆಯವರಿಗೆ ವಿಮಾನ ನೋಡಲು ಬಿಟ್ಟರು. ಹೊರಗಿನಿಂದ ಚೆಂದವಾಗಿತ್ತು: ಇಂಜಿನ್ನುಗಳೆರಡೂ ಹಿಂದೆ ಬಾಲದ ಹತ್ತಿರ, ಬಾಲದ ರೆಕ್ಕೆ ಎತ್ತರದಲ್ಲಿ, ತಲೆಯ ಮೇಲೆ ಹಲಗೆ ಇಟ್ಟುಕೊಂಡವರ ಹಾಗೆ. ಒಳಗೆ ಹೋದೆ. ಸೀಟುಗಳೇ ಇಲ್ಲ. ಸೀಟು ಇರಬೇಕಾದಲ್ಲಿ ಸಾಲಾಗಿ ನೀರಿನ ಪೀಪಾಯಿಗಳು. ತೂಕವನ್ನು ಮುಂದಕ್ಕೆ ಹಿಂದಕ್ಕೆ ಮಾಡಲು ನೀರನ್ನು ಪಂಪಿನಿಂದ ಅಲ್ಲಿಂದಿಲ್ಲಿಗೆ ಹರಿಸುತ್ತಾರಂತೆ. ನಡುವೆ ಪರದೆಗಳಿದ್ದ ಒಂದು ಮೇಜು, ಅದೇ ಮುಕ್ತಾಳ ಜಾಗ. ಅವಳ ಕುರ್ಚಿಯ ಬೆನ್ನಿಗೆ ಪ್ಯಾರಾಚೂಟು, ಕೊಕ್ಕೆಗೆ ಹೆಲ್ಮೆಟ್ಟು. ಪಕ್ಕದಲ್ಲಿ ಸಿಡಿದು ತೆರೆದುಕೊಳ್ಳುವ ಒಂದು ಬಾಗಿಲು, ಅಲ್ಲಿಯವರೆಗೆ ಹಿಡಿದುಕೊಂಡು ಹೋಗಲು ಹಗ್ಗ.

‘ವಿಮಾನದೊಳಗ ಪ್ಯಾರಾಚೂಟ್ ಯಾಕ?’

‘ನಿಯಮ ಅದಮ್ಮ.’

ಆಗ ಮುಖ್ಯ ಪೈಲಟ್ ಹೆನ್ರಿಕ್ ಬಂದ. ಬಿಳಿ ಗಡ್ಡದ, ನಿಧಾನ ಇಂಗ್ಲಿಷಿನ ಮನುಷ್ಯ. ನನ್ನನ್ನು ಬಾಲದ ಹತ್ತಿರ ಕರೆದೊಯ್ದು, ಅಲ್ಲಿ ಕೂರಿಸಿದ್ದ ಒಂದು ಡಬ್ಬಿ ತೋರಿಸಿದ. ಅದರಲ್ಲೂ ಪ್ಯಾರಾಚೂಟು, ಇಡೀ ವಿಮಾನಕ್ಕೆ. ‘ಸ್ಟಾಲ್ ಪರೀಕ್ಷೆಗೆ’ ಎಂದ. ನನಗೆ ಗೊತ್ತಿದ್ದ ಸ್ಟಾಲು ದೌಂಡದ ಪ್ಲಾಟ್‌ಫಾರ್ಮಿನ ಚಹಾದ್ದು. ನನ್ನ ಮುಖ ನೋಡಿ ಆತ ಮುಕ್ತಾಳ ಕಡೆ ತಿರುಗಿದ.

‘ನಿಮ್ಮ ಮನೆಯಲ್ಲಿ ಗೊತ್ತಿದೆ ಅಂದಿದ್ದೆಯಲ್ಲ?’

‘ಅಪ್ಪನಿಗೆ ಗೊತ್ತಿದೆ’ ಎಂದಳು ಮುಕ್ತಾ, ನೆಲ ನೋಡುತ್ತ.

ಮರಳಿ ಬರುವಾಗ ಅವಳು ಕಾರಿನ ಕಿಟಕಿ ಇಳಿಸಿ, ‘ಕೈ ಹೊರಗ ಹಾಕಮ್ಮ, ಅಂಗೈ ಕೆಳಗ ಮಾಡು’ ಎಂದಳು. ಹಾಕಿದೆ. ‘ಈಗ ಮುಂದಿನ ಅಂಚು ಸ್ವಲ್ಪ ಎತ್ತು.’ ಗಾಳಿ ಕೈಯನ್ನು ಮೇಲಕ್ಕೆತ್ತಿತು. ‘ಇನ್ನೂ ಎತ್ತು. ಇನ್ನೂ.’ ಒಂದು ಹಂತದಲ್ಲಿ ಕೈ ಗಡಗಡ ನಡುಗಿತು, ಆಮೇಲೆ ಎತ್ತುವ ಶಕ್ತಿಯೇ ಹೋಗಿ ಹಿಂದಕ್ಕೆ ಬಿತ್ತು. ಗಾಳಿ ಅದನ್ನು ಕೈಬಿಟ್ಟಿತ್ತು.

‘ಅದೇ ಸ್ಟಾಲ್. ಎಲ್ಲಾ ವಿಮಾನಕ್ಕೂ ಇಂಥಾದ್ದೊಂದು ಅಂಚು ಇರ್ತದ. ಅದು ಎಲ್ಲಿ ಅದ, ದಾಟಿದ್ರ ಏನ ಆಗ್ತದ, ಹೊಳ್ಳಿ ಬರ್ಲಿಕ್ಕೆ ಆಗ್ತದೋ ಇಲ್ಲೋ, ಇಷ್ಟು ಗೊತ್ತಾಗೂತನಾ ಜನಾ ಕೂಡಿಸಿಕೊಂಡು ಹಾರ್ಲಿಕ್ಕೆ ಬಿಡೂದಿಲ್ಲ. ಬೇಕಂತನೇ ನಾವು ದಾಟಬೇಕು.’

‘ಹೊಳ್ಳಿ ಬರ್ಲಿಕ್ಕೆ ಆಗದಿದ್ರ?’

ಅವಳು ಕಾರಿನ ಕಿಟಕಿ ಏರಿಸಿದಳು. ಸಾಮಾನ್ಯವಾಗಿ ಮೂಗು ತಾನಾಗಿಯೇ ಕೆಳಗೆ ಬಿದ್ದು ವಿಮಾನ ಮತ್ತೆ ವೇಗ ಹಿಡಿಯುತ್ತದಂತೆ. ಆದರೆ ಬಾಲ ಎತ್ತರದಲ್ಲಿದ್ದ ವಿಮಾನಗಳಲ್ಲಿ ಒಂದು ಅಪಾಯ: ರೆಕ್ಕೆಯಿಂದ ಒಡೆದ ಗಾಳಿ ನೇರ ಹೋಗಿ ಬಾಲಕ್ಕೆ ಕವಿಯುತ್ತದೆ. ಆಗ ಬಾಲದ ಮಾತು ನಡೆಯುವುದಿಲ್ಲ. ಪೈಲಟ್ ಎಷ್ಟು ಒತ್ತಿದರೂ ಮೂಗು ಇಳಿಯದೆ, ವಿಮಾನ ತಟ್ಟೆಯ ಹಾಗೆ ಚಪ್ಪಟೆಯಾಗಿ ಕೆಳಗಿಳಿಯುತ್ತ ಹೋಗುತ್ತದೆ. ಇಂಥ ವಿಮಾನಗಳು ಹೊಸದಾಗಿ ಬಂದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಒಂದು ಮಾದರಿ ಹಾಗೆಯೇ ನೆಲಕ್ಕೆ ಬಂತಂತೆ. ಒಳಗಿದ್ದ ಪರೀಕ್ಷಕರಲ್ಲಿ ಯಾರೂ ಉಳಿಯಲಿಲ್ಲ. ಇವತ್ತು ವಿಮಾನ ಅಂಚಿಗೆ ಬಂದಾಗ ಪೈಲಟ್ಟಿನ ಕೈಯಲ್ಲಿದ್ದ ಕೋಲು ತಾನೇ ನಡುಗಿ ಎಚ್ಚರಿಸುವುದು, ಕೆಲವು ವಿಮಾನಗಳಲ್ಲಿ ತಾನೇ ಮುಂದಕ್ಕೆ ತಳ್ಳಿಕೊಳ್ಳುವುದು, ಇವುಗಳ ಹಿಂದೆ ಅಂಥವರ ಸಾವುಗಳೂ ಇವೆ ಎಂದಳು.

ಮನೆಗೆ ಬಂದವಳೇ ಪುಣೆಗೆ ಫೋನು ಮಾಡಿದೆ.

‘ನಿಮಗ ಗೊತ್ತಿತ್ತು.’

ನಮ್ಮವರು ಏನು, ಯಾವುದು ಎಂದು ಕೇಳಲಿಲ್ಲ. ‘ಹೂಂ, ಗೊತ್ತಿತ್ತು’ ಎಂದರು. ‘ಹೇಳಿದ್ರ ನೀ ನಿದ್ದಿ ಮಾಡ್ತಿದ್ದಿಲ್ಲ.’

‘ನೀವು ಗಾಡಿ ಹೊಡೀತಿದ್ದಾಗ ನಾ ನಿದ್ದಿ ಮಾಡ್ತಿದ್ದೆ ಅಂತ ಯಾರು ಹೇಳಿದ್ರು ನಿಮಗ?’

ಆ ಕಡೆ ಅವರು ಟಿವಿ ಆರಿಸಿದ್ದು ಕೇಳಿತು. ಆಮೇಲೆ, ‘ನನಗ ಹೇಳ್ಲಿಕ್ಕೆ ಆಗಲಿಲ್ಲ. ಅದಕ್ಕ, ನೀನೇ ನೋಡಿ ಬಾ ಅಂತ ಕಳಿಸಿದೆ’ ಎಂದರು.

ನಾನು ಫೋನು ಇಟ್ಟೆ. ಎರಡು ದಿನ ಅವರ ಜೊತೆ ಮಾತಾಡಲಿಲ್ಲ. ಮುಕ್ತಾಳಿಗೆ ಮಾತ್ರ ಏನೂ ಅನ್ನಲಿಲ್ಲ.

ಸಣ್ಣದು ಒಂದೇ

ಮಂಗಳವಾರ ಬೆಳಿಗ್ಗೆ ಎರಡೂ ಏರಿದವು. ನಾನೂ ಪಿಲಾರ್‌ಳೂ ಚೌಕದಲ್ಲಿ ಕೂತೆವು. ಆಕೆ ಬೀನ್ಸ್ ಮುರಿಯುತ್ತಿದ್ದಳು, ನಾನು ನಾರು ತೆಗೆದುಕೊಡುತ್ತಿದ್ದೆ. ಆಕಾಶ ತೊಳೆದಿಟ್ಟಂತಿತ್ತು. ಬಹಳ ಎತ್ತರದಲ್ಲಿ ಒಂದು ಬಿಳಿ ಚುಕ್ಕೆ ಬಿಸಿಲಿಗೆ ಮಿನುಗಿ ಮಾಯವಾಗುತ್ತಿತ್ತು. ಅದು ಅಂಚಿಗೆ ಹೋಗುತ್ತಿರಬಹುದು, ಈಗ ನಡುಗುತ್ತಿರಬಹುದು ಎಂದು ನನ್ನ ಕೈಯೇ ಬೀನ್ಸ್ ಬಿಟ್ಟು ಮೇಲೇಳುತ್ತಿತ್ತು.

ಕಾಫಿಯ ಹೊತ್ತು ಬಂತು, ಹೋಯಿತು. ಬೆಂಚಿನ ಮುದುಕರು ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. ಆಮೇಲೆ ಸದ್ದು ಕೇಳಿತು, ತೆಳ್ಳಗಿನ ಸದ್ದು. ಚರ್ಚಿನ ಗೋಪುರದ ಹಿಂದಿನಿಂದ ಸಣ್ಣ ವಿಮಾನ ಬಂದು, ಇಳಿಯುವ ದಾರಿ ಹಿಡಿದು, ಗೋಡೆಗಳ ಆಚೆ ಮರೆಯಾಯಿತು. ಎಲ್ಲರೂ ಅದರ ಹಿಂದಿನ ಆಕಾಶ ನೋಡುತ್ತಿದ್ದರು. ಅಲ್ಲಿ ಏನೂ ಇರಲಿಲ್ಲ.

ಪಿಲಾರ್ ‘ಲೋಸ್ ದೋಸ್’ ಎನ್ನಲಿಲ್ಲ. ನನ್ನ ಕೈ ಹಿಡಿದಳು.

ಮುಕ್ತಾಳ ಫೋನಿಗೆ ಕರೆ ಮಾಡಿದೆ. ಹಾರುವಾಗ ಅದು ಕಪಾಟಿನಲ್ಲಿರುತ್ತದೆ ಎಂದು ಗೊತ್ತಿದ್ದೂ ಮಾಡಿದೆ. ಒಬ್ಬ ಮುದುಕ ಎದ್ದು ಟೋಪಿ ತೆಗೆದ. ಪಕ್ಕದವನು ಅವನನ್ನು ಗದರಿಸಿ ಮತ್ತೆ ಹಾಕಿಸಿದ. ಇನ್ನೊಬ್ಬ ಒಳಗೆ ಹೋಗಿ ನನಗೆ ಒಂದು ಗ್ಲಾಸು ನೀರು ತಂದುಕೊಟ್ಟ. ಅವರಲ್ಲಿ ಯಾರಿಗೂ ನನ್ನ ಹೆಸರು ಗೊತ್ತಿರಲಿಲ್ಲ. ನಾನು ಯಾವ ದೇವರನ್ನೂ ನೆನೆಯಲಿಲ್ಲ. ತಲೆಯಲ್ಲಿ ಇದ್ದದ್ದು ಒಂದೇ: ಆ ಸಿಡಿಯುವ ಬಾಗಿಲು ಅವಳ ಕುರ್ಚಿಯಿಂದ ಎಷ್ಟು ದೂರ ಇತ್ತು? ಹಗ್ಗ ಹಿಡಿದು ಹೋದರೆ ತಲುಪುತ್ತಾಳೆಯೇ? ವಿಮಾನ ನೋಡಿದ ದಿನ ಇನ್ನಷ್ಟು ಸರಿಯಾಗಿ ನೋಡಬೇಕಿತ್ತು ಎನಿಸಿತು.

ಎಷ್ಟು ಹೊತ್ತು ಹಾಗೆ ಕಳೆಯಿತೋ ಹೇಳಲಾರೆ. ಮೊದಲು ಕಂಡದ್ದು ಟೋಪಿಯ ಮುದುಕನಿಗೆ. ಕೂಗಿದ. ದಕ್ಷಿಣದಿಂದ ಬಹಳ ನಿಧಾನವಾಗಿ, ಕಾಲು ನೋವಿದ್ದವರು ಮೆಟ್ಟಿಲಿಳಿಯುವ ಹಾಗೆ, ಆ ಬಿಳಿ ವಿಮಾನ ಬರುತ್ತಿತ್ತು. ತಲೆಯ ಮೇಲೆ ಹಾದುಹೋದಾಗ ಬಾಲದ ಡಬ್ಬಿ ಬಾಯಿ ತೆರೆದುಕೊಂಡು ಖಾಲಿಯಾಗಿರುವುದು ಕಂಡಿತು. ಮುದುಕರು ಚಪ್ಪಾಳೆ ತಟ್ಟಿದರು. ನನ್ನ ಮಡಿಲಿನ ಬೀನ್ಸೆಲ್ಲ ನೆಲದ ಮೇಲಿತ್ತು.

ಆಲಿವ್ ತೋಟ

ಮುಕ್ತಾ ಸಂಜೆ ಬಂದಳು. ಕೈ ತೊಳೆದು, ತಟ್ಟೆ ಮುಂದೆ ಕೂತು, ಅನ್ನ ಮೊಸರು ಉಂಡಳು. ಪಿಲಾರ್ ಎದ್ದು ಒಳಗೆ ಹೋದಳು. ಆಮೇಲೆ ಮಗಳು ಹೇಳಿದಳು.

ನೀರನ್ನೆಲ್ಲ ಹಿಂದಿನ ಪೀಪಾಯಿಗಳಿಗೆ ಹರಿಸಿ, ತೂಕ ಹಿಂದಕ್ಕೆ ಮಾಡಿ ಅವತ್ತು ಪರೀಕ್ಷೆ. ಮೂಗು ಎತ್ತಿದರು, ವೇಗ ಇಳಿಯಿತು, ನಡುಕ ಬಂತು, ದಾಟಿದರು. ಹೆನ್ರಿಕ್ ಕೋಲು ಮುಂದಕ್ಕೆ ಒತ್ತಿದ. ಮೂಗು ಇಳಿಯಲಿಲ್ಲ. ಪೂರ್ತಿ ಒತ್ತಿದ. ಇಳಿಯಲಿಲ್ಲ.

‘ಒಳಗ ಭಾಳ ಶಾಂತ ಇತ್ತಮ್ಮ. ಅದೇ ಹೆದರಿಕಿ. ವಿಮಾನ ಬೀಳ್ಲಿಕ್ಕತ್ತದ ಅಂತ ಮೈಗೆ ಗೊತ್ತೇ ಆಗೂದಿಲ್ಲ. ಎತ್ತರದ ಅಂಕಿ ಅಷ್ಟೇ ಓಡ್ಲಿಕ್ಕತ್ತಿತ್ತು. ಅದನ್ನ ಜೋರಾಗಿ ಓದೂದು ನನ್ನ ಕೆಲಸ. ಓದಿದೆ.’

‘ದನಿ ನಡುಗ್ಲಿಲ್ಲಾ?’

‘ಇಲ್ಲ. ಆಮ್ಯಾಲೆ ನಡುಗ್ತು.’

ಇಷ್ಟು ಎತ್ತರಕ್ಕಿಂತ ಕೆಳಗೆ ಬಂದರೆ ಬಾಲದ ಪ್ಯಾರಾಚೂಟು ಬಿಡಬೇಕೆಂದು ಮೊದಲೇ ತೀರ್ಮಾನಿಸಿರುತ್ತಾರೆ. ಆ ಅಂಕಿ ಬಂದಾಗ ಅವಳು ಕೂಗಿದಳು, ಬಿಟ್ಟರು. ಬಾಲ ಯಾರೋ ಜುಟ್ಟು ಹಿಡಿದು ಎತ್ತಿದಂತೆ ಮೇಲೆದ್ದು, ಮೂಗು ಕೆಳಗಾಗಿ, ವಿಮಾನ ಮತ್ತೆ ಗಾಳಿ ಹಿಡಿಯಿತು. ಆಮೇಲೆ ಆ ಪ್ಯಾರಾಚೂಟು ಕಳಚಬೇಕು, ಇಲ್ಲದಿದ್ದರೆ ಅದನ್ನು ಎಳೆದುಕೊಂಡು ಮನೆ ಮುಟ್ಟುವಂತಿಲ್ಲ. ಮೊದಲ ಗುಂಡಿ ಒತ್ತಿದರು, ಕಳಚಲಿಲ್ಲ. ಎರಡನೆಯದಕ್ಕೆ ಕಳಚಿತು. ಸಣ್ಣ ವಿಮಾನ ಕೆಳಗಿನಿಂದ ಬಾಲ ಪರೀಕ್ಷಿಸಿ, ಇಂಧನ ಸಾಲದೆ ಮೊದಲೇ ಬಂದುಬಿಟ್ಟಿತು. ಇವರು ಬಾಲಕ್ಕೆ ಭಾರ ಬೀಳದಂತೆ ನಿಧಾನ ಬಂದರು.

ಪ್ಯಾರಾಚೂಟು ಒಬ್ಬ ರೈತನ ಆಲಿವ್ ತೋಟದಲ್ಲಿ ಬಿದ್ದಿತ್ತು. ನಾಲ್ಕು ಗಿಡಗಳನ್ನು ಮುಚ್ಚಿದ ಕಿತ್ತಳೆ ಬಟ್ಟೆ ನೋಡಿ ಆತ, ಯಾರೋ ಅಪ್ಪಣೆಯಿಲ್ಲದೆ ಮದುವೆಯ ಪೆಂಡಾಲು ಹಾಕಿದ್ದಾರೆಂದು ಪೊಲೀಸರಿಗೆ ದೂರು ಕೊಟ್ಟನಂತೆ. ಅದನ್ನು ಹೇಳಿ ಮುಕ್ತಾ ನಕ್ಕಳು. ನಾನೂ ನಕ್ಕೆ. ನಗುತ್ತಲೇ ಅವಳಿಗೆ ಅಳು ಬಂತು, ತಟ್ಟೆ ಸರಿಸಿ ನನ್ನ ತೊಡೆಯ ಮೇಲೆ ತಲೆ ಇಟ್ಟಳು. ಕತ್ತರಿಸಿದ ಕೂದಲು ಕೈಗೆ ಚುಚ್ಚುತ್ತಿತ್ತು.

ಮರುದಿನ ಹೆನ್ರಿಕ್ ಮನೆಗೆ ಬಂದ. ಕೈಯಲ್ಲಿ ಹೂವು ಹಿಡಿದಿದ್ದ, ಯಾರಿಗೆ ಕೊಡಬೇಕೆಂದು ತಿಳಿಯದೆ ಪಿಲಾರ್‌ಳಿಗೆ ಕೊಟ್ಟ. ನನ್ನ ಎದುರು ಕೂತು, ‘ನೀವು ಕೇಳುವ ಮೊದಲು ಹೇಳುತ್ತೇನೆ. ರೆಕ್ಕೆಯ ಅಂಚು ಬದಲಾಯಿಸುವವರೆಗೆ, ತೂಕ ಹಿಂದಕ್ಕೆ ಹೋಗುವ ಮಿತಿ ಕಡಿಮೆ ಮಾಡುವವರೆಗೆ ಇದನ್ನು ನಾನು ಹಾರಿಸುವುದಿಲ್ಲ. ಕಂಪನಿ ಒಪ್ಪಿದೆ’ ಎಂದ.

‘ಆಮೇಲೆ?’

‘ಆಮೇಲೆ ಮತ್ತೆ ದಾಟಿ ನೋಡಬೇಕು.’

‘ಅವಳೇ ಯಾಕೆ?’

ಆತ ಯೋಚಿಸಿ ಹೇಳಿದ. ‘ನಿನ್ನೆ ಅಂಕಿ ಓದುವುದು ಒಂದು ಕ್ಷಣ ನಿಂತಿದ್ದರೆ, ನಾನು ಇನ್ನೂ ಕೋಲು ಒತ್ತುತ್ತಲೇ ಇರುತ್ತಿದ್ದೆ. ಪೈಲಟ್ಟಿಗೆ ಆಶೆ ಬಿಡುವುದು ಕಷ್ಟ. ಆಕೆ ಬೇಡ ಎಂದರೆ ಬೇರೆಯವರನ್ನು ಹುಡುಕುತ್ತೇನೆ. ಆಕೆಯ ಮೇಲೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.’

ಆತ ಹೋದ ಮೇಲೆ ಮುಕ್ತಾ ಬಾಗಿಲಲ್ಲೇ ನಿಂತಿದ್ದಳು. ‘ನೀ ಬ್ಯಾಡ ಅಂದ್ರ ಬಿಡ್ತೀನಮ್ಮ. ಖರೇನ.’

ಅಲ್ಲಿಯವರೆಗೆ ‘ಬ್ಯಾಡ’ ಎನ್ನುವುದು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಅದನ್ನು ನನ್ನ ಕೈಗೆ ಕೊಟ್ಟಾಗ ಅದರ ಭಾರ ಗೊತ್ತಾಯಿತು. ನಾನು ಬೇಡವೆಂದರೆ ಅವಳು ಬಿಡುತ್ತಾಳೆ. ಆ ಕುರ್ಚಿಯಲ್ಲಿ ಇನ್ಯಾರದೋ ಮಗಳು ಕೂರುತ್ತಾಳೆ, ಇನ್ಯಾವುದೋ ಚೌಕದಲ್ಲಿ ಅವಳ ತಾಯಿ. ನಾನು ಪುಣೆಯಿಂದ ಹಾರಿಬಂದ ವಿಮಾನದ ಮೊದಲ ಮಾದರಿಯಲ್ಲೂ ಯಾರೋ ಒಬ್ಬರು ಹೀಗೆ ಕೂತು ಅಂಕಿ ಓದಿದ್ದರು. ನಾನು ಮಾತ್ರ ಊಟ ಸಪ್ಪೆ ಎಂದು ಗೊಣಗುತ್ತ ಬಂದಿದ್ದೆ.

‘ನಾ ಹೂಂ ಅನ್ನೂದಿಲ್ಲ, ಬ್ಯಾಡ ಅಂತೂ ಅನ್ನೂದಿಲ್ಲ’ ಎಂದೆ. ‘ನಿನ್ನ ಕೆಲಸ, ನೀನೇ ವಿಚಾರ ಮಾಡು. ಆದರ ಹಾರೂ ಮುಂಚೆ ನನಗ ಹೇಳು. ನಿಮ್ಮಪ್ಪಗ ಅಲ್ಲ, ನನಗ. ಬಂದಮ್ಯಾಲೆ ಸುಳ್ಳು ಸಮಾಧಾನ ಬ್ಯಾಡ.’

ಅವಳು ತಲೆಯಾಡಿಸಿದಳು. ರಾತ್ರಿ ಹಾಸಿಗೆ ಹಾಸುವಾಗ, ‘ನಾ ಹೋಗ್ತೀನಮ್ಮ’ ಎಂದಳು.

ಪುಣೆ

ವಿಮಾನ ಮತ್ತೆ ಸಿದ್ಧವಾಗಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ನಾನು ಮರಳಿದ್ದೆ. ನಮ್ಮವರು ನಿಲ್ದಾಣಕ್ಕೆ ಬಂದಿದ್ದರು. ದಾರಿಯುದ್ದಕ್ಕೂ ನಾನು ಆಲಿವ್ ಗಿಡದ ಬಗ್ಗೆ, ಹಂದಿ ಹಾಕಿದ ಬೇಳೆಯ ಬಗ್ಗೆ ಹೇಳಿದೆ. ಮನೆಯ ಹತ್ತಿರ ಬಂದಾಗ ಅವರು, ‘ತಪ್ಪಾತು’ ಎಂದರು. ಅಷ್ಟೇ. ಅದಕ್ಕಿಂತ ಹೆಚ್ಚು ನನಗೂ ಬೇಕಿರಲಿಲ್ಲ.

ಒಂದು ಗುರುವಾರ ನಾನು ಅಕ್ಕಿ ಆರಿಸುತ್ತಿದ್ದಾಗ ಮುಕ್ತಾಳ ಫೋನು ಬಂತು. ‘ಈಗ ಹೊಂಟೀವಮ್ಮ. ಅದೇ ಪರೀಕ್ಷಾ. ಮೊದಲ ಹೇಳ್ಲಿಕ್ಕತ್ತೀನಿ.’

‘ಹೂಂ. ಹೋಗಿ ಬಾ.’

ನಮ್ಮವರು ಪೇಪರ್ ಇಳಿಸಿ, ‘ಏನಂತ?’ ಎಂದರು. ಹೇಳಿದೆ. ಪೇಪರ್ ಮತ್ತೆ ಎತ್ತಿದರು. ಆ ಪುಟ ತಿರುಗಲೇ ಇಲ್ಲ. ಕೆಳಗೆ ಕಾಯಿಪಲ್ಲೆಯ ಗಾಡಿಯವನು ಕೂಗಿ ಹೋದ. ಯಾರೂ ಏಳಲಿಲ್ಲ. ಒಂದು ಸಲ ಅವರು ಎದ್ದು ಫ್ಯಾನು ನಿಲ್ಲಿಸಿದರು, ಫೋನಿನ ಸದ್ದು ಕೇಳಿಸಲೆಂದು. ಕಡೆಗೂ ಅದು ಬಡಿದುಕೊಂಡಾಗ ಇಬ್ಬರೂ ಅದರ ಮೇಲೆ ಕೈ ಹಾಕಿದೆವು. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

‘ಇಳದೀವಮ್ಮ’ ಎಂದಳು ಮುಕ್ತಾ. ಹಿಂದೆ ಯಾರೋ ನಗುತ್ತಿದ್ದರು. ‘ದಾಟಿದ್ವಿ. ಮೂಗು ತಾನಾಗೇ ಕೆಳಗ ಬಂತು. ಪ್ರತಿ ಸಲಾನೂ ಬಂತು.’

‘ಅಪ್ಪನ ಕೂಡ ಮಾತಾಡು’ ಎಂದು ಫೋನು ಅವರ ಕೈಗೆ ಕೊಟ್ಟೆ. ಅವರು ಕಿಟಕಿಯ ಕಡೆ ಮುಖ ಮಾಡಿ ನಿಂತು ಹೂಂ ಎಂದರು. ಹೂಂ, ಹೂಂ ಎಂದರು. ನಾನು ಹತ್ತಿರ ಹೋಗಿ ನೋಡಿದರೆ ಅವಳು ಯಾವಾಗಲೋ ಫೋನು ಇಟ್ಟಿದ್ದಳು. ಅವರು ಇನ್ನೂ ಹೂಂ ಎನ್ನುತ್ತಲೇ ಇದ್ದರು.